ಉದ್ದದ ಅನುಪಾತವನ್ನು ಮೊದಲು ಹುಡುಕಿ

ಎರಡು ಸಮರೂಪ (ಆಕಾರ ಒಂದೇ ಆಗಿದ್ದು ಗಾತ್ರ ಬೇರೆಯಾಗಿರಬಹುದಾದ) ಘನಾಕೃತಿಗಳ ಮೇಲ್ಮೈ ವಿಸ್ತೀರ್ಣಗಳು 4:9ರ ಅನುಪಾತದಲ್ಲಿದ್ದರೆ ಅವುಗಳ ಘನಫಲಗಳ ಅನುಪಾತವೆಷ್ಟು ಎಂದು ತರಗತಿಯಲ್ಲಿ ಕೇಳಿದಾಗಲೆಲ್ಲ 64:729 ಎಂಬ ಉತ್ತರ ಬರುತ್ತದೆ. ಘನಫಲಕ್ಕಾಗಿ ಘನ ಮಾಡಬೇಕೆಂಬುದು ವಿದ್ಯಾರ್ಥಿಗಳಿಗೆ ನೆನಪಿರುತ್ತದೆ, ಯಾವುದನ್ನು ಘನ ಮಾಡಬೇಕೆಂಬುದು ಮರೆತಿರುತ್ತದೆ. ವಿಸ್ತೀರ್ಣದಿಂದ ಘನಫಲಕ್ಕೆ ನೇರವಾಗಿ ಹಾರದೆ, ಮೊದಲು ವರ್ಗಮೂಲ ತೆಗೆದು ಉದ್ದಗಳ ಅನುಪಾತವಾದ 2:3ಕ್ಕೆ ಇಳಿಯಬೇಕು; ಅದನ್ನು ಘನ ಮಾಡಿದರೆ 8:27 ಸಿಗುತ್ತದೆ.

ಇದಕ್ಕೆ ಕಾರಣ ಸರಳವಾಗಿದೆ. ಆಕೃತಿ ಎಷ್ಟೇ ವಕ್ರವಾಗಿದ್ದರೂ ಅದರ ಒಳಭಾಗವನ್ನು ಅತಿ ಸಣ್ಣ ಘನಗಳಿಂದ ತುಂಬಿದಂತೆ ಭಾವಿಸಿ, ಎಲ್ಲ ಉದ್ದಗಳನ್ನೂ k ಪಟ್ಟು ಹಿಗ್ಗಿಸಿದರೆ, ಪ್ರತಿ ಸಣ್ಣ ಘನದ ಮುಖ k² ಪಟ್ಟು, ಘನಫಲ k³ ಪಟ್ಟು ಆಗುತ್ತದೆ. ಹೀಗಾಗಿ ಇಡೀ ಆಕೃತಿಯ ಘನಫಲವೂ k³ ಪಟ್ಟೇ ಆಗಬೇಕು. ಘನಫಲವನ್ನು ಎರಡು ಪಟ್ಟು ಮಾಡಲು ಅಂಚನ್ನು ಸುಮಾರು 1.26 ಪಟ್ಟು ಹೆಚ್ಚಿಸಿದರೆ ಸಾಕು, ಆಗ ಮೇಲ್ಮೈ ಸುಮಾರು 1.59 ಪಟ್ಟಾಗುತ್ತದೆ.

ಆದರೆ ನಿಯಮ ಅನ್ವಯಿಸುವ ಮೊದಲು ಸಮರೂಪತೆಯನ್ನು ಪರೀಕ್ಷಿಸಲೇಬೇಕು. ಗೋಳಗಳೆಲ್ಲವೂ ಪರಸ್ಪರ ಸಮರೂಪ, ಘನಗಳೂ ಹಾಗೆಯೇ, ಸಿಲಿಂಡರುಗಳು ಹಾಗಲ್ಲ. ಎತ್ತರ ಬದಲಾಗದೆ ತ್ರಿಜ್ಯ ಮಾತ್ರ ಇಮ್ಮಡಿಯಾದರೆ ಘನಫಲ ಎಂಟಲ್ಲ, ನಾಲ್ಕು ಪಟ್ಟಾಗುತ್ತದೆ.

ನನ್ನ ಅನುಭವದಲ್ಲಿ ಈ ಪಾಠಕ್ಕೆ ಶಂಕುವಿಗಿಂತ ಒಳ್ಳೆಯ ಉದಾಹರಣೆಯಿಲ್ಲ. ಶಂಕುವನ್ನು ಅರ್ಧ ಎತ್ತರದಲ್ಲಿ ಪಾದಕ್ಕೆ ಸಮಾಂತರವಾಗಿ ಕತ್ತರಿಸಿದಾಗ ಮೇಲಿನ ಸಣ್ಣ ಶಂಕು ಇಡೀ ಶಂಕುವಿಗೆ ಸಮರೂಪವಾಗಿರುತ್ತದೆ, ಕೆಳಗೆ ಉಳಿಯುವ ತುಂಡು, ಅಂದರೆ ಭಿನ್ನಕ, ಸಮರೂಪವಲ್ಲ. ಆದ್ದರಿಂದ ಈ ನಿಯಮವನ್ನು ಭಿನ್ನಕಕ್ಕೆ ನೇರವಾಗಿ ಅನ್ವಯಿಸಲಾಗದು; ಅದರ ಘನಫಲ ಮತ್ತು ಪಾರ್ಶ್ವ ಮೇಲ್ಮೈಗಳನ್ನು ಇಡೀ ಶಂಕುವಿನ ಅಳತೆಯಿಂದ ಸಣ್ಣ ಶಂಕುವಿನದನ್ನು ಕಳೆದು ಪಡೆಯಬಹುದು. ಸಣ್ಣ ಶಂಕುವಿನ ಘನಫಲ ಒಟ್ಟಿನ 1/8 ಆಗಿರುವುದರಿಂದ ಎರಡು ಭಾಗಗಳ ಘನಫಲಗಳು 1:7ರ ಅನುಪಾತದಲ್ಲಿರುತ್ತವೆ, ಪಾರ್ಶ್ವ ಮೇಲ್ಮೈಗಳು 1:3ರಲ್ಲಿ. ಎರಡೂ ಭಾಗಗಳ ಘನಫಲ ಸಮನಾಗಬೇಕಿದ್ದರೆ 1/2ರ ಘನಮೂಲ ತೆಗೆಯಬೇಕು: ಅದು ಸುಮಾರು 0.794, ಅಂದರೆ 20 ಸೆಂ.ಮೀ. ಎತ್ತರದ ಶಂಕುವನ್ನು ಶೃಂಗದಿಂದ ಸುಮಾರು 15.9 ಸೆಂ.ಮೀ. ಕೆಳಗೆ ಕತ್ತರಿಸಬೇಕಾಗುತ್ತದೆ.