ಮಲ್ಲೇಶ್ವರಂ ಮನೆಗಳ ಹಿಂದಿನ ಗಲ್ಲಿ

ಮಲ್ಲೇಶ್ವರಂನ ಹಳೇ ಕ್ರಾಸ್‌ಗಳಲ್ಲಿ ಎಷ್ಟೋ ಮನೆಗಳಿಗೆ ಎರಡು ಬೀದಿ. ಮುಂದಿನದನ್ನು ಎಲ್ಲರೂ ಬಲ್ಲರು: ಬೆಳಗಿನ ರಂಗೋಲಿ, ಮರದ ನೆರಳು, ಹೂ ಮಾರುವವರ ಕೂಗು. ಹಿಂದಿನದು ಹಿತ್ತಿಲ ಗೋಡೆಗಳ ನಡುವಿನ ಇಕ್ಕಟ್ಟಾದ ಗಲ್ಲಿ. ಕಡತಗಳಲ್ಲಿ ಅದರ ಹೆಸರು ಕನ್ಸರ್ವೆನ್ಸಿ ಲೇನ್, ಅಂದರೆ ಹೊಲಸು ಸಾಗಿಸುವ ಓಣಿ. ನಾನು ಆಗಾಗ ಹಾದುಹೋಗುವ ಅಂಥ ಒಂದು ಗಲ್ಲಿಯಲ್ಲಿ, ಗೋಡೆಯ ಬುಡಕ್ಕೆ, ಮೊಣಕಾಲೆತ್ತರವೂ ಇಲ್ಲದ ಒಂದು ಚೌಕ ಕಾಣುತ್ತದೆ. ಇಟ್ಟಿಗೆ ಇಟ್ಟು, ಗಾರೆ ಮೆತ್ತಿ ಮುಚ್ಚಿದ್ದಾರೆ. ಮೇಲೆ ಎಷ್ಟು ಸಲ ಬಣ್ಣ ಬಳಿದರೂ ಅಂಚು ಅಳಿದಿಲ್ಲ. ಒಳಗಿನ ಕಕ್ಕಸಿನಿಂದ ಮಲದ ಡಬ್ಬವನ್ನು ಹೊರಗೆಳೆಯಲು ಬಿಟ್ಟಿದ್ದ ಕಿಂಡಿ ಅದು.

ಈ ಗಲ್ಲಿ ಯಾಕೆ ಬಂತು ಎಂದು ತಿಳಿಯಲು 1898ಕ್ಕೆ ಹೋಗಬೇಕು. ಆ ವರ್ಷ ಆಗಸ್ಟ್‌ನಲ್ಲಿ ಪ್ಲೇಗು ರೈಲಿನ ದಾರಿಯಲ್ಲಿ ಬೆಂಗಳೂರಿಗೆ ಬಂತು. ಪೇಟೆಯ ಓಣಿಗಳಲ್ಲಿ ಮನೆಗೆ ಮನೆ ತಾಗಿಕೊಂಡಿತ್ತು. ಇಲಿ ಸತ್ತು ಬಿತ್ತು ಎಂದರೆ ಸಾಕು, ಮನೆ ಖಾಲಿ ಮಾಡಿ ಊರಾಚೆ ಗುಡಿಸಲು ಹಾಕಿಕೊಳ್ಳಬೇಕಿತ್ತು. ಸಾವಿರಾರು ಜನ ಸತ್ತರು. ಅಷ್ಟರಲ್ಲಾಗಲೇ ಯೋಚನೆಯಲ್ಲಿದ್ದ ಮಲ್ಲೇಶ್ವರಂ ಮತ್ತು ಬಸವನಗುಡಿ ಬಡಾವಣೆಗಳಿಗೆ ಈ ಭಯವೇ ಜನರನ್ನು ಕರೆತಂದಿತು. ನೇರ ರಸ್ತೆ, ಗಾಳಿ ಬೆಳಕು, ಮನೆ ಸುತ್ತ ಜಾಗ. ಹೊಲಸು ಮುಂಬಾಗಿಲ ಕಡೆ ಸುಳಿಯಬಾರದೆಂದು ಹಿಂದೊಂದು ಗಲ್ಲಿ.

ಅದಕ್ಕೆ ಎರಡೇ ವರ್ಷ ಮುಂಚೆ, 1896ರಲ್ಲಿ, ಹೆಸರಘಟ್ಟ ಕೆರೆಯ ನೀರು ಕೊಳವೆಯಲ್ಲಿ ಊರಿಗೆ ಬಂದಿತ್ತು. ಮನೆಗೆ ಬರುವ ನೀರಿಗೆ ಕೊಳವೆ ಇತ್ತು, ಮನೆಯಿಂದ ಹೋಗುವ ಮಲಕ್ಕೆ ಮನುಷ್ಯರ ತಲೆ. ಹೊರುತ್ತಿದ್ದವರು ಯಾವ ಜಾತಿಗಳವರು ಎಂದು ಬಿಡಿಸಿ ಹೇಳಬೇಕಿಲ್ಲ. ಮಲ್ಲೇಶ್ವರಂನ ಹಿರಿಮೆ ಹೇಳುವಾಗ ನಾವು ಕಾಡು ಮಲ್ಲೇಶ್ವರನಿಂದ ಶುರುಮಾಡಿ ಬೆಣ್ಣೆ ಮಸಾಲೆಗೆ ಬಂದು ನಿಲ್ಲುತ್ತೇವೆ. ಈ ಗಲ್ಲಿಯ ಮಾತು ಬರುವುದೇ ಇಲ್ಲ. ಅದು ನನಗೆ ಸದಾ ನೋವಿನ ಸಂಗತಿ.

1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಒಳಚರಂಡಿ ಬಂತು, ಕಿಂಡಿಗಳು ಮುಚ್ಚಿದವು, ಗಲ್ಲಿಗೆ ಕೆಲಸವಿಲ್ಲದಾಯಿತು. ಕೆಲವರು ಕಾಂಪೌಂಡನ್ನು ಒಂದಡಿ, ಎರಡಡಿ ಮುಂದೆ ತಂದರು. ಉಳಿದ ಜಾಗಕ್ಕೆ ಒಡೆದ ಸಿಂಕು, ಹಳೇ ಹಾಸಿಗೆ, ರಾತ್ರಿ ಯಾರೂ ನೋಡದಾಗ ಎಸೆದ ಕಸದ ಚೀಲ ಬಂದು ಬಿದ್ದವು. ಹೆಗ್ಗಣಗಳೂ ಬಂದವು. ಇಲಿಗೆ ಹೆದರಿ ಕಟ್ಟಿದ ಬಡಾವಣೆಯ ಬೆನ್ನಿಗೇ!

ನಿವಾಸಿಗಳ ಸಂಘಗಳು ಈ ಗಲ್ಲಿಗಳತ್ತ ತಿರುಗಿದ್ದು ಕಸದ ದೆಸೆಯಿಂದಲೇ. 2012ರ ಜುಲೈನಲ್ಲಿ ಮಾವಳ್ಳಿಪುರದ ಕಸದ ಗುಡ್ಡ ಬಾಗಿಲು ಹಾಕಿತು. ಆ ಊರಿನವರು ವರ್ಷಗಟ್ಟಲೆ ನಮ್ಮ ಕಸದ ನಾತ ಕುಡಿದಿದ್ದರು, ನೀರು ಕೆಡಿಸಿಕೊಂಡಿದ್ದರು. ಬೆಂಗಳೂರಿನ ಮೂಲೆಮೂಲೆಯಲ್ಲಿ ಕಸ ಕೊಳೆಯತೊಡಗಿದ ಮೇಲೆ ನಮಗೆ ಎಚ್ಚರವಾಯಿತು. ಮಲ್ಲೇಶ್ವರಂ ಸ್ವಾಭಿಮಾನ ಇನಿಷಿಯೇಟಿವ್‌ನಂಥ ಸ್ವಯಂಸೇವಾ ಗುಂಪುಗಳು ಹಸಿ ಕಸ, ಒಣ ಕಸ ಬೇರೆ ಮಾಡಿಸಲು, ಉದುರಿದೆಲೆ ಸುಡದೆ ಗೊಬ್ಬರ ಮಾಡಿಸಲು ಶ್ರಮಿಸಿವೆ. ಇದು ಒಂದು ದಿನದ ಪೊರಕೆ ಕಾರ್ಯಕ್ರಮವಲ್ಲ. ಅದೇ ಬಾಗಿಲನ್ನು ಹತ್ತು ಸಲ ತಟ್ಟಿ, ಸ್ಯಾನಿಟರಿ ಪ್ಯಾಡನ್ನು ಬೇರೆ ಸುತ್ತಿಕೊಡಿ ಎಂದು ಸಂಕೋಚ ಬಿಟ್ಟು ಹೇಳುವ ಕೆಲಸ. ನಿವೃತ್ತರು, ಗೃಹಿಣಿಯರು ಸ್ವಂತ ಸಮಯ ಕೊಟ್ಟು ಮಾಡಿದರು. ಸ್ಯಾಂಕಿ ರಸ್ತೆಯ ಮರಗಳಿಗಾಗಿ 2011ರಲ್ಲಿ, ಮೇಲ್ಸೇತುವೆ ಬೇಡವೆಂದು 2023ರಲ್ಲಿ ನಿವಾಸಿಗಳು ಬೀದಿಗಿಳಿದದ್ದು ಪತ್ರಿಕೆಗಳಲ್ಲಿ ಬಂತು. ಈ ಬಾಗಿಲು ತಟ್ಟುವ ಕೆಲಸಕ್ಕೆ ಫೋಟೋ ಇಲ್ಲ.

ಕೆಲವು ಗಲ್ಲಿಗಳು ಈಗ ಚೊಕ್ಕಟವಾಗಿವೆ. ಕಲ್ಲು ಹಾಸಿದೆ, ಗೋಡೆಗೆ ಚಿತ್ರ ಬರೆದಿದ್ದಾರೆ, ವಾಹನದ ಕಾಟವಿಲ್ಲದೆ ಮಕ್ಕಳು ನಡೆಯಬಹುದು. ಇದು ನಿಜಕ್ಕೂ ದೊಡ್ಡ ಕೆಲಸ. ಆದರೆ ಗೋಡೆಗೆ ಏನು ಬರೆಯಬೇಕು ಎಂದು ಕೇಳುವಾಗ, ಈ ಗಲ್ಲಿ ಯಾರದಾಗಿತ್ತು ಎಂದೂ ಕೇಳಬೇಕು. ಇಲ್ಲಿ ನೂರಾರು ಬೆಳಗು ನಡೆದವರ ಒಂದು ಹೆಸರೂ ನಮ್ಮಲ್ಲಿ ಉಳಿದಿಲ್ಲ.

ಮೊನ್ನೆ ಎಂಟೂವರೆ ಹೊತ್ತಿಗೆ ಆ ಗಲ್ಲಿಯಲ್ಲಿ ಇಬ್ಬರು ಪೌರಕಾರ್ಮಿಕ ಹೆಣ್ಣುಮಕ್ಕಳು ಕಲ್ಲಿನ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದರು. ಒಬ್ಬರು ಎದ್ದು, ಪಕ್ಕದ ಗೇಟಿನ ಹೊರಗೇ ನಿಂತು, ‘ಅಮ್ಮಾ, ಕೈ ತೊಳೆಯೋಕೆ ಒಂಚೂರು ನೀರು’ ಎಂದು ಕೇಳಿದರು. ಚೊಂಬಿನಲ್ಲಿ ನೀರು ಬಂತು. ಗಲ್ಲಿಯುದ್ದಕ್ಕೂ ಹುಡುಕಿದೆ, ಒಂದು ನಲ್ಲಿ ಇಲ್ಲ. ಹತ್ತಿರದಲ್ಲಿ ಅವರು ಹೋಗಬಹುದಾದ ಶೌಚಾಲಯವೂ ಕಾಣಲಿಲ್ಲ. ನಮ್ಮ ಬೀದಿಯವರ ಮುಂದಿನ ಸಭೆಯಲ್ಲಿ ಇವೆರಡನ್ನೂ ಮೊದಲ ವಿಷಯವಾಗಿ ಇಡುತ್ತಿದ್ದೇನೆ.