ಹಳೇ ಕಾರ್ಟೂನಿನ ಕೌದಿ, 1948ರ ಗೆರೆ

ಏಳೆಂಟು ನಿಮಿಷದ ಹಳೆಯ ಕಾರ್ಟೂನ್‌ಗಳು, ನಡುನಡುವೆ ಹೊಸದಾಗಿ ಬರೆದ ಕೊಂಡಿ ದೃಶ್ಯಗಳು, ಎಲ್ಲ ಸೇರಿ ಒಂದು ಪೂರ್ತಿ ಸಿನಿಮಾ. ಸಂಕಲನ ಚಿತ್ರ ಅಂದರೆ ಇಷ್ಟೇ. ಕೌದಿಯ ಹಾಗೆ, ಬಟ್ಟೆ ತುಂಡು ಹಳೆಯದು, ಹೊಲಿಗೆ ಹೊಸದು. ಡಿಸ್ನಿಯವರ 1940ರ ದಶಕದ ಪ್ಯಾಕೇಜ್ ಚಿತ್ರಗಳೇ ಬೇರೆ. ಅಲ್ಲಿಯೂ ಬಿಡಿ ಕಥೆಗಳಿವೆ, ಆದರೆ ತುಂಡುಗಳೂ ಹೊಸವೇ.

ನಾನು ನೋಡುತ್ತಿರುವುದು ವಾರ್ನರ್ ಬ್ರದರ್ಸ್‌ನ ಐದು: 1979, 1981, 1982, 1983, 1988. ಮೊದಲನೆಯದು ಚಕ್ ಜೋನ್ಸ್ ಅವರದು, ನಡುವಿನ ಮೂರು ಫ್ರಿಜ್ ಫ್ರೆಲೆಂಗ್ ಅವರವು. ಇಬ್ಬರೂ ಆ ಹಳೆಯ ಕಾರ್ಟೂನ್‌ಗಳ ನಿರ್ದೇಶಕರೇ.

ನಾನು ಎಡವಿದ ಜಾಗ

1975ರಲ್ಲಿ ‘ಬಗ್ಸ್ ಬನ್ನಿ: ಸೂಪರ್‌ಸ್ಟಾರ್’ ಅಂತ ಒಂದು ಸಾಕ್ಷ್ಯಚಿತ್ರ ಬಂತು. ನಿರೂಪಣೆ ಆರ್ಸನ್ ವೆಲ್ಸ್ ಅವರದು. ಅದರಲ್ಲಿರುವ ಒಂಬತ್ತೂ ಕಾರ್ಟೂನ್‌ಗಳು 1940ರ ದಶಕದವು. ನಾಲ್ಕು ವರ್ಷ ಬಿಟ್ಟು ಬಂದ ‘ಬಗ್ಸ್ ಬನ್ನಿ/ರೋಡ್ ರನ್ನರ್ ಮೂವಿ’ಯಲ್ಲಿ ಅವುಗಳಲ್ಲಿ ಒಂದೂ ಇಲ್ಲ. ‘ಜೋನ್ಸ್ ತಾವು ನಿರ್ದೇಶಿಸಿದ್ದನ್ನೇ ಆರಿಸಿಕೊಂಡರು, ಅಷ್ಟೇ’ ಅಂತ ಬರೆದುಕೊಂಡು ಮುಂದೆ ಹೋದೆ. ಅರ್ಧ ಸರಿ. ಆದರೆ 1975ರ ಚಿತ್ರದಲ್ಲಿರುವ ‘ಹೇರ್-ರೈಸಿಂಗ್ ಹೇರ್’ (1946) ಕೂಡ ಜೋನ್ಸ್ ಅವರದೇ ಅಲ್ವಾ? ಅದನ್ನೇಕೆ ಬಿಟ್ಟರು? ಎರಡು ದಿನ ಇಲ್ಲೇ ಕೂತೆ.

ಉತ್ತರ ಕಲೆಯಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ವಾರ್ನರ್‌ನವರು 1956ರಲ್ಲಿ ತಮ್ಮ ಹಳೆಯ ಬಣ್ಣದ ಕಾರ್ಟೂನ್‌ಗಳನ್ನು ಅಸೋಸಿಯೇಟೆಡ್ ಆರ್ಟಿಸ್ಟ್ಸ್ ಪ್ರೊಡಕ್ಷನ್ಸ್‌ಗೆ ಮಾರಿದರು. ಟಿವಿಗೆ ಹಂಚುವ ಕಂಪನಿ ಅದು. ಗೆರೆ ಎಳೆದದ್ದು ಆಗಸ್ಟ್ 1948ಕ್ಕೆ. ಅದಕ್ಕಿಂತ ಹಿಂದಿನವು ಹೋದವು, ಮುಂದಿನವು ಉಳಿದವು. 1958ರಲ್ಲಿ ಆ ಕಂಪನಿಯನ್ನೇ ಯುನೈಟೆಡ್ ಆರ್ಟಿಸ್ಟ್ಸ್ ಕೊಂಡಿತು. ಅಂದರೆ 1979ರ ಹೊತ್ತಿಗೆ ವಾರ್ನರ್‌ಗೆ ಮನೆ ತಮ್ಮದೇ, ಅಟ್ಟದ ಬೀಗದ ಕೈ ಮಾತ್ರ ಬೇರೆಯವರ ಹತ್ತಿರ. 1975ರ ಚಿತ್ರ ತುಂಬಿಕೊಂಡಿದ್ದು ಆ ಅಟ್ಟದಿಂದಲೇ.

ಇಷ್ಟಾದ ಮೇಲೂ ಇನ್ನೊಮ್ಮೆ ಎಡವಿದೆ. ಆಗಸ್ಟ್ 1948 ಅಂದರೆ ಮಾಡಿದ ದಿನವೋ, ಬಿಡುಗಡೆಯ ದಿನವೋ? ಬಿಡುಗಡೆಯ ದಿನ. ಜೋನ್ಸ್ ಅವರದೇ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಮಂಗಳ ಗ್ರಹದ ಮಾರ್ವಿನ್ ಮೊದಲು ಕಾಣಿಸಿಕೊಂಡ ‘ಹೇರ್‌ಡೆವಿಲ್ ಹೇರ್’ ಬಿಡುಗಡೆಯಾದದ್ದು 24 ಜುಲೈ 1948, ಹಾಗಾಗಿ ಕೈಬಿಟ್ಟು ಹೋಯಿತು. ‘ಡ್ಯಾಫಿ ಡಿಲ್ಲಿ’ ಅದೇ ವರ್ಷದ ಅಕ್ಟೋಬರ್, ಉಳಿಯಿತು. ಅದಕ್ಕೇ 1979ರ ಚಿತ್ರಕ್ಕೆ ಮಾರ್ವಿನ್ ಬರುವುದು 1958ರ ‘ಹೇರ್‌ವೇ ಟು ದ ಸ್ಟಾರ್ಸ್’ ಮೂಲಕ, ತನ್ನ ಮೊದಲ ಕಾರ್ಟೂನಿನ ಮೂಲಕ ಅಲ್ಲ.

ನನ್ನ ಸುಲಭ ಉಪಾಯ: ಬಣ್ಣ ಇದೆಯಾ, ಆಗಸ್ಟ್ 48ಕ್ಕಿಂತ ಮುಂಚಿನದಾ? ಎರಡಕ್ಕೂ ಹೌದು ಅಂದರೆ ಈ ಐದು ಚಿತ್ರಗಳಲ್ಲಿ ಹುಡುಕಬೇಡಿ, ಸುಮ್ನೆ ಸಮಯ ಹಾಳು. ವಾರ್ನರ್‌ನದೇ ಕಾರ್ಟೂನ್ ಸರಣಿ ‘ಲೂನಿ ಟ್ಯೂನ್ಸ್’ನ ಕಪ್ಪು-ಬಿಳುಪಿನವು ಮಾತ್ರ ಬೇರೆ ಲೆಕ್ಕ. ಅವನ್ನು 1955ರಲ್ಲೇ ಬೇರೆಯವರಿಗೆ ಕೊಟ್ಟಿದ್ದರು. ಮಾರಿದ ಬಣ್ಣದ ಕಾರ್ಟೂನ್‌ಗಳು ಆಮೇಲೆ ಟರ್ನರ್ ಕಂಪನಿಯ ಕೈ ಸೇರಿದ್ದವು; 1996ರಲ್ಲಿ ಟೈಮ್ ವಾರ್ನರ್ ಮತ್ತು ಟರ್ನರ್ ಒಂದಾದಾಗ ಅಟ್ಟದ ಬೀಗದ ಕೈ ಮನೆಗೆ ವಾಪಸ್ ಬಂತು.

ಹೊಲಿಗೆ ಹುಡುಕುವುದು

ಕಣ್ಣಿಗಿಂತ ಕಿವಿ ಜಾಸ್ತಿ ಸಹಾಯ ಮಾಡುತ್ತದೆ. ಮೊಲ ಬಗ್ಸ್, ಬಾತುಕೋಳಿ ಡ್ಯಾಫಿ ಎರಡಕ್ಕೂ ದನಿ ಮೆಲ್ ಬ್ಲಾಂಕ್ ಅವರದು. ಅವರು ಹುಟ್ಟಿದ್ದು 1908ರಲ್ಲಿ, ಹಾಗಾಗಿ 1979ರ ಕೊಂಡಿ ದೃಶ್ಯಗಳಲ್ಲಿ ಎಪ್ಪತ್ತು ದಾಟಿದ ಗಂಟಲು ಕೇಳಿಸುತ್ತದೆ, ಸ್ವಲ್ಪ ಒರಟು, ಸ್ವಲ್ಪ ನಿಧಾನ. 1988ರ ‘ಕ್ವ್ಯಾಕ್‌ಬಸ್ಟರ್ಸ್’ನಲ್ಲಿ ಮೇಲೆ ಹೇಳಿದ ‘ಡ್ಯಾಫಿ ಡಿಲ್ಲಿ’ಯ ತುಂಡುಗಳಿವೆ. ಆ ಭಾಗ ಬಂದಾಗ ಕಣ್ಣು ಮುಚ್ಚಿ ಕೇಳಿ. ಡ್ಯಾಫಿಗೆ ಯಾವ ಮಾತಿನಲ್ಲಿ ನಲವತ್ತು ವರ್ಷ ವಯಸ್ಸಾಗುತ್ತದೋ, ಹೊಲಿಗೆ ಅಲ್ಲೇ ಇದೆ.