ಹೋಶೇಯನ ಮಾತು ಮತ್ತಾಯನಿಗೆ ಹೇಗೆ ಸಿಕ್ಕಿತು?

ಬೈಬಲ್ ಪಾಠ ಮತ್ತಾಯನ ಸುವಾರ್ತೆಯ, ಅಂದರೆ ಅವನು ಬರೆದ ಯೇಸುವಿನ ಕಥೆಯ, 2ನೇ ಅಧ್ಯಾಯಕ್ಕೆ ಬಂದಾಗ ಯಾರಾದರೂ ಕೈ ಎತ್ತುತ್ತಾರೆ. "ಪಾಸ್ಟರ್, ಮತ್ತಾಯ ಪ್ರವಾದಿ ಹೋಶೇಯನ ಮಾತು ತರುತ್ತಾನೆ, ಆದರೆ ಹೋಶೇಯ ಇಲ್ಲಿ ಯೇಸುವಿನ ಬಗ್ಗೆ ಹೇಳಿಯೇ ಇಲ್ವಲ್ಲ?"

ಒಳ್ಳೆಯ ಪ್ರಶ್ನೆ. ಮಗು ಯೇಸುವನ್ನು ಕೊಲ್ಲಬೇಕೆಂದಿದ್ದ ರಾಜ ಹೆರೋದನ ಕೈಗೆ ಸಿಗದಂತೆ ಯೋಸೇಫ ಮಗುವನ್ನೂ ಮರಿಯಳನ್ನೂ ಐಗುಪ್ತಕ್ಕೆ ಕರೆದೊಯ್ಯುತ್ತಾನೆ. 'ನನ್ನ ಮಗನನ್ನು ಐಗುಪ್ತದಿಂದ ಕರೆದೆನು' ಎಂಬ ಪ್ರವಾದಿಯ ಮಾತು ಹೀಗೆ ನೆರವೇರಿತು ಎನ್ನುತ್ತಾನೆ ಮತ್ತಾಯ. ಹೋಶೇಯ 11 ತೆರೆದರೆ ಅಲ್ಲಿರುವುದು ಆಗಿಹೋದ ಕಥೆ. ಮಗ ಅಂದರೆ ಇಸ್ರಾಯೇಲ್ ಜನ. ಕರೆದದ್ದು ಮೋಶೆಯ ಕಾಲದಲ್ಲಿ.

ಹೋಶೇಯ ಕ್ರಿ.ಪೂ. 8ನೇ ಶತಮಾನದವನು. ಇಸ್ರಾಯೇಲಿನ ಉತ್ತರದ ರಾಜ್ಯ ಅಶ್ಶೂರ್ಯರಿಗೆ ಸೋಲುವ ಹೊತ್ತು ಹತ್ತಿರವಾಗಿತ್ತು. ಆಗ ಅವನ ಪುಸ್ತಕದಲ್ಲಿ ದೇವರು ತಂದೆಯಂತೆ ಮಾತಾಡುತ್ತಾನೆ. ಎಫ್ರಾಯೀಮಿಗೆ (ಅಂದರೆ ಆ ಉತ್ತರದ ರಾಜ್ಯಕ್ಕೆ) ನಡೆಯಲು ಕಲಿಸಿದವನು ನಾನೇ, ಎತ್ತಿಕೊಂಡವನು ನಾನೇ, ಕರೆದಷ್ಟೂ ಅವರು ದೂರ ಹೋದರು. ಎಂಟನೇ ವಚನದಲ್ಲಿ ಆ ತಂದೆಗೆ ತಡೆಯಲಾಗುವುದಿಲ್ಲ: ನಿನ್ನನ್ನು ನಾನು ಹೇಗೆ ಬಿಟ್ಟುಬಿಡಲಿ?

ಮತ್ತಾಯನಿಗೆ ಇದೆಲ್ಲ ಗೊತ್ತಿತ್ತು ಎಂದೇ ನನ್ನ ನಂಬಿಕೆ. ಅವನ ಸುವಾರ್ತೆಯಲ್ಲಿ ಯೇಸು ಐಗುಪ್ತದಿಂದ ಬರುತ್ತಾನೆ, ದೀಕ್ಷಾಸ್ನಾನಕ್ಕೆ ನೀರಿಗಿಳಿಯುತ್ತಾನೆ, 40 ದಿನ ಅಡವಿಯಲ್ಲಿರುತ್ತಾನೆ. ಇಸ್ರಾಯೇಲ್ 40 ವರ್ಷ ಅಲೆದ ದಾರಿಯೇ ಅದು. ಅಲ್ಲಿ ಅವನನ್ನು ಶೋಧಿಸುವ ಸೈತಾನನಿಗೆ ಯೇಸು ಕೊಡುವ ಮೂರೂ ಉತ್ತರ ಮೋಶೆಯ ಧರ್ಮೋಪದೇಶಕಾಂಡದಿಂದ, ಅದೇ ಅಡವಿಯ ಪಾಠಗಳಿಂದ ಬಂದವು. ಮೊದಲ ಮಗ ಎಡವಿದಲ್ಲಿ ಈ ಮಗ ನಿಲ್ಲುತ್ತಾನೆ. ಮತ್ತಾಯ ನೆರವೇರಿತು ಎನ್ನುವುದು ಇದನ್ನೇ.

ಎಲ್ಲ ವಚನಗಳೂ ಹೀಗಲ್ಲ. ಬೇತ್ಲೆಹೇಮಿನಿಂದ ಆಳುವವನು ಬರುತ್ತಾನೆ ಎಂದ ಪ್ರವಾದಿ ಮೀಕ ನಿಜವಾಗಿಯೂ ಮುಂದೆ ನೋಡುತ್ತಿದ್ದ. ಇತರರಿಗಾಗಿ ನರಳುವ ಸೇವಕನೊಬ್ಬನ ಬಗ್ಗೆ ಹೇಳುವ ಯೆಶಾಯ 53ರ ಕಥೆ ಬೇರೆ. ಪ್ರವಾದಿ ಇದನ್ನು ಯಾರ ವಿಷಯದಲ್ಲಿ ಹೇಳುತ್ತಿದ್ದಾನೆ ಎಂದು ಅಪೊಸ್ತಲರ ಕೃತ್ಯಗಳಲ್ಲಿ ಇಥಿಯೋಪ್ಯದ ಅಧಿಕಾರಿಯೇ ಸುವಾರ್ತಿಕ ಫಿಲಿಪ್ಪನನ್ನು ಕೇಳಿದ. ಫಿಲಿಪ್ಪ ಅಲ್ಲಿಂದಲೇ ಯೇಸುವಿನ ಸುವಾರ್ತೆ ಸಾರಿದ. ನಾನೂ ಹಾಗೇ ಓದುತ್ತೇನೆ. ಆದರೆ ಆ ಸೇವಕ ಇಸ್ರಾಯೇಲೇ ಎಂದು ಓದುವ ಯೆಹೂದ್ಯರಿಗೂ, ಸೇವಕನನ್ನು ಇಸ್ರಾಯೇಲ್ ಎಂದೇ ಕರೆಯುವ ಯೆಶಾಯ 49:3ರ ಆಧಾರವಿದೆ. ಅವರನ್ನು ಕುರುಡರು ಅನ್ನುವುದು ತಪ್ಪು. ಇವು ಮೊದಲು ಅವರ ಪುಸ್ತಕಗಳು, ಅಲ್ವಾ?

ಪ್ರವಾದನೆಗಳ ಪಟ್ಟಿ ಮಾಡಿ ಒಂದೊಂದಕ್ಕೂ ಟಿಕ್ ಹಾಕುವ ರೂಢಿ ನಮ್ಮ ಸಭೆಗಳಲ್ಲಿ ಜಾಸ್ತಿ. ಹಾಗೆ ಮಾಡಿದರೆ ಹೋಶೇಯನ ಒಂದು ಸಾಲು ಮಾತ್ರ ಉಳಿಯುತ್ತದೆ, ಆ ತಂದೆಯ ಸಂಕಟ ಬಿಟ್ಟುಹೋಗುತ್ತದೆ. ಈ ಡಿಸೆಂಬರಿನಲ್ಲಿ ಮತ್ತಾಯ 2 ಓದುವ ಮೊದಲು ಹೋಶೇಯ 11ನ್ನು ಪೂರ್ತಿ, ಗಟ್ಟಿಯಾಗಿ ಓದಿ. ಹತ್ತು ನಿಮಿಷವೂ ಬೇಡ.